ಕಟ್ಟುಹಾವಿನ ಹೆಸರು ಹೊತ್ತ ದೋಣಿ

ಸಿಡ್ನಿಯ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಧಕ್ಕೆಯಲ್ಲಿರುವ ಸುಮಾರು 21 ಮೀಟರ್ ಉದ್ದದ ಮರದ ದೋಣಿಗೆ ನಮ್ಮ ಗದ್ದೆಬದುವಿನ ಕಟ್ಟುಹಾವಿನ ಹೆಸರಿದೆ. ‘ಕ್ರೈಟ್’ ಎಂಬುದು ಹಿಂದಿಯ ‘ಕರೈತ್’ನಿಂದ ಇಂಗ್ಲಿಷಿಗೆ ಹೋದ ಪದ. ರಾತ್ರಿ ಹಾಸಿಗೆಗೆ ನುಸುಳಿ, ಕಚ್ಚಿದ್ದೇ ತಿಳಿಯದಂತೆ ಕಚ್ಚಿ ಹೋಗುವ ಹಾವು ಅದು.

ದೋಣಿ ಹುಟ್ಟಿದ್ದು 1934ರಲ್ಲಿ, ಜಪಾನಿನಲ್ಲಿ, ಮೀನುಗಾರಿಕೆಗಾಗಿ. ಆಗಿನ ಹೆಸರು ಕೋಫುಕು ಮಾರು. (ಜಪಾನಿ ಹಡಗುಗಳ ಹೆಸರಿಗೆ ಬಾಲದಂತಿರುವ ಈ ‘ಮಾರು’ವಿಗೂ ಕೈಚಾಚಿ ಅಳೆಯುವ ನಮ್ಮ ಮಾರಿಗೂ ನಂಟಿಲ್ಲ.) ಜಪಾನ್ ಎರಡನೇ ಮಹಾಯುದ್ಧಕ್ಕಿಳಿದಾಗ ಬ್ರಿಟಿಷರು ಸಿಂಗಪುರದಲ್ಲಿ ಇದನ್ನು ವಶಪಡಿಸಿಕೊಂಡರು. ಬಿಲ್ ರೆನಾಲ್ಡ್ಸ್ ಎಂಬ ಆಸ್ಟ್ರೇಲಿಯನ್ ನಾವಿಕ, ಸುಮಾತ್ರಾದ ಆಸುಪಾಸಿನಲ್ಲಿ ಹಡಗು ಮುಳುಗಿ ದಿಕ್ಕೆಟ್ಟಿದ್ದ ಸಾವಿರಕ್ಕೂ ಹೆಚ್ಚು ಜನರನ್ನು ಇದರಲ್ಲಿ ಸಾಗಿಸಿ, ಬಳಿಕ ಭಾರತಕ್ಕೆ ತಂದ. ಹಾವಿನ ಹೆಸರು ಬಂದದ್ದು ಆ ಮೇಲೆ. ಯುದ್ಧಾನಂತರ ಬೋರ್ನಿಯೋದಲ್ಲಿ ಮರಮುಟ್ಟು ಸಾಗಿಸುವಾಗ ಅದು ‘ಪೆಡಾಂಗ್’, ಎಂದರೆ ಕತ್ತಿ. 1964ರಲ್ಲಿ ಆಸ್ಟ್ರೇಲಿಯಕ್ಕೆ ಮರಳಿದ ಮೇಲೆ ಮತ್ತೆ ಕ್ರೈಟ್.

ಇವುಗಳಲ್ಲಿ ದೋಣಿಯ ಕೆಲಸಕ್ಕೆ ಒಪ್ಪಿದ್ದು ಹಾವಿನ ಹೆಸರೇ. 1943ರ ಸೆಪ್ಟೆಂಬರ್ 2ರಂದು ಬ್ರಿಟಿಷ್ ಸೇನಾಧಿಕಾರಿ ಇವಾನ್ ಲಯನ್ ನೇತೃತ್ವದ 14 ಮಂದಿ ಪಶ್ಚಿಮ ಆಸ್ಟ್ರೇಲಿಯದ ಎಕ್ಸ್‌ಮೌತ್ ಕೊಲ್ಲಿಯಿಂದ ಹೊರಟರು. ಆರೂವರೆ ನಾಟ್ (ಗಂಟೆಗೆ ಸುಮಾರು 12 ಕಿ.ಮೀ.) ವೇಗದಲ್ಲಿ ಓಡುವ ದೋಣಿಗೆ ಬೆನ್ನಟ್ಟಿ ಬಂದವರಿಂದ ಪಾರಾಗುವ ಶಕ್ತಿಯಿರಲಿಲ್ಲವಾದ್ದರಿಂದ, ಜಪಾನಿ ಬಾವುಟ ಹಾರಿಸಿ, ಮೈಗೆ ಕಂದು ಬಣ್ಣ ಬಳಿದು, ಲುಂಗಿಯಂಥ ಸರೋಂಗ್ ಉಟ್ಟು, ಯಾರೋ ಮೀನುಗಾರರೆಂಬಂತೆ ಶತ್ರುವಿನ ಕಡಲಿನಲ್ಲಿ ಸಾಗಿದರು. ಆಗ ಜಪಾನಿನ ವಶದಲ್ಲಿದ್ದ ಸಿಂಗಪುರದ ಸಮೀಪದ ದ್ವೀಪವೊಂದರಲ್ಲಿ ಇಳಿದ ಆರು ಜನ ಮೂರು ಮಡಚುವ ಕಯಾಕ್‌ಗಳಲ್ಲಿ ಹುಟ್ಟುಹಾಕುತ್ತ ಹೋಗಿ, ಸೆಪ್ಟೆಂಬರ್ 26ರ ರಾತ್ರಿ ಶತ್ರು ಹಡಗುಗಳ ಒಡಲಿಗೆ ಅಯಸ್ಕಾಂತದ ಬಾಂಬುಗಳನ್ನು ಅಂಟಿಸಿದರು. ಏಳು ಹಡಗುಗಳು ಮುಳುಗಿದವು ಇಲ್ಲವೇ ಜಖಂಗೊಂಡವು ಎಂಬುದು ಅವರ ಲೆಕ್ಕ. ಜಪಾನಿ ದಾಖಲೆಗಳಿಂದ ತಿಳಿದದ್ದು ಆರು. ಹಿಂತಿರುಗುವಾಗ ಲೊಂಬೊಕ್ ಜಲಸಂಧಿಯಲ್ಲಿ ಜಪಾನಿ ಯುದ್ಧನೌಕೆಯೊಂದು ಪಕ್ಕದಲ್ಲೇ ಬಂದು, ತಪಾಸಣೆಯನ್ನೂ ಮಾಡದೆ ಹೋಯಿತು. ಅಕ್ಟೋಬರ್ 19ಕ್ಕೆ ಎಲ್ಲರೂ ಸುರಕ್ಷಿತವಾಗಿ ಮರಳಿದರು. ಇಷ್ಟೆಲ್ಲ ನಡೆದಾಗ ಅದು ನೌಕಾಪಡೆಗೆ ವಿಧಿವತ್ತಾಗಿ ಸೇರಿದ ನೌಕೆಯೂ ಆಗಿರಲಿಲ್ಲ. ಆ ಗೌರವ ಸಿಕ್ಕಿದ್ದು ಮರುವರ್ಷ. ಹಾಗಾಗಿ ಈ ದಾಳಿಯ ಕಥೆಯಲ್ಲಿ ಅದನ್ನು, ಆಸ್ಟ್ರೇಲಿಯದ ನೌಕಾಪಡೆಯ ನೌಕೆಗಳ ಹೆಸರಿಗೆ ಮುಂಚೆ ಬರುವ ಅಕ್ಷರಗಳನ್ನು ಸೇರಿಸಿ, ‘ಎಚ್‌ಎಂಎಎಸ್ ಕ್ರೈಟ್’ ಎಂದು ಬರೆಯುವುದು ನನಗೆ ಸರಿಕಾಣುವುದಿಲ್ಲ.

ಆದರೆ ಹೆಸರಿನ ಔಚಿತ್ಯವನ್ನು ಹೊಗಳುವವರು ಕಚ್ಚಿದ್ದು ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಹೊರಗಿನವರು ಬಂದು ಹೋದರೆಂದು ಊಹಿಸಲಾರದ ಜಪಾನಿ ಸೇನಾ ಪೊಲೀಸರು ಊರೊಳಗಿನವರದ್ದೇ ಕೈವಾಡವೆಂದು ಅಕ್ಟೋಬರ್ 10ರಿಂದ ಜನರನ್ನು ಹಿಡಿಯತೊಡಗಿದರು. ದಾಳಿಯ ಗಾಳಿಸುದ್ದಿಯೂ ತಿಳಿಯದ 57 ನಾಗರಿಕರು ಸೆರೆಯಾದರು. ಅವರಲ್ಲಿ 15 ಮಂದಿ ಚಿತ್ರಹಿಂಸೆಗೆ ಬಲಿಯಾದರು. ಇದೇ ಉಪಾಯವನ್ನು ಮತ್ತೊಮ್ಮೆ ಬಳಸಬೇಕೆಂದು ಮಿತ್ರಪಡೆಗಳು ದಾಳಿ ತಮ್ಮದೆಂದು ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ. ಮರುವರ್ಷ ‘ರಿಮೌ’ ಎಂಬ ಹೆಸರಿನಲ್ಲಿ ಲಯನ್ ಮತ್ತು 22 ಮಂದಿ ಮತ್ತೆ ಸಿಂಗಪುರದತ್ತ ಹೊರಟರು. ಈ ಬಾರಿ ಕ್ರೈಟ್ ಜೊತೆಗಿರಲಿಲ್ಲ. ಒಬ್ಬರೂ ಹಿಂತಿರುಗಲಿಲ್ಲ.