ಮೊದಲು ಉದ್ಘಾಟನೆ, ಆಮೇಲೆ ಪರೀಕ್ಷೆ

ಸರ್ಕಾರದ ಹೊಸ ಆ್ಯಪ್‌ನ ಸುದ್ದಿಯನ್ನು ಎಲ್ಲರೂ ಓದಿಯೇ ಇರುತ್ತೀರಿ. ಯಾವ ಆ್ಯಪ್ ಎಂದು ಕೇಳುವ ಅಗತ್ಯವಿಲ್ಲ. ಮುಂಗಾರು ಕೈಕೊಟ್ಟರೂ ವರ್ಷಕ್ಕೊಂದು ಆ್ಯಪ್ ನಮ್ಮ ಕಡೆಗೆ ತಪ್ಪದೆ ಬರುತ್ತದೆ. ಬಿಡುಗಡೆಯ ದಿನ ವೇದಿಕೆಯ ಮೇಲೆ ಗಣ್ಯರು ಬೆರಳಿಟ್ಟ ಕೂಡಲೇ ತೆರೆದುಕೊಳ್ಳುವ ಅದು, ಮರುದಿನ ಇಂಡಿಯಲ್ಲೋ ಸಿಂದಗಿಯಲ್ಲೋ ರೈತನೊಬ್ಬ ಬೆರಳಿಟ್ಟಾಗ ಬಿಳಿಯ ಚಕ್ರವೊಂದನ್ನು ತಿರುಗಿಸುತ್ತ ಕೂರುತ್ತದೆ. ಮೂರನೆಯ ದಿನ ಹೇಳಿಕೆ ಹೊರಬೀಳುತ್ತದೆ: ತಂತ್ರಾಂಶದಲ್ಲಿ ದೋಷವಿಲ್ಲ, ಸಾರ್ವಜನಿಕರಲ್ಲಿ ಅರಿವಿನ ಕೊರತೆಯಿದೆ, ಆದ್ದರಿಂದ ಹೋಬಳಿ ಮಟ್ಟದಲ್ಲಿ ಜಾಗೃತಿ ಶಿಬಿರಗಳನ್ನು ಏರ್ಪಡಿಸಲಾಗುವುದು. ಆ್ಯಪ್ ಜನರಿಗೆ ಒಗ್ಗದಿದ್ದರೆ ಜನರನ್ನೇ ತಿದ್ದಿ ಆ್ಯಪ್‌ಗೆ ಒಗ್ಗಿಸುವ ಈ ವಿಧಾನವನ್ನು ಕಂಡುಹಿಡಿದವರಿಗೆ ರಾಜ್ಯೋತ್ಸವ ಪ್ರಶಸ್ತಿ ಇನ್ನೂ ಬಂದಿಲ್ಲವೆಂಬುದು ಖೇದದ ಸಂಗತಿ.

ಈ ಶಿಬಿರಗಳ ವೈಭವವನ್ನು ಒಮ್ಮೆಯಾದರೂ ನೋಡಬೇಕು. ಸಮುದಾಯ ಭವನದೊಳಗೆ ನೆಟ್‌ವರ್ಕ್ ಸಿಗದ ಕಾರಣ ಆ್ಯಪ್‌ನ ಪುಟಗಳನ್ನು ಫ್ಲೆಕ್ಸ್ ಮೇಲೆ ಮುದ್ರಿಸಿ ಗೋಡೆಗೆ ಕಟ್ಟಿರುತ್ತಾರೆ. ಸಂಪನ್ಮೂಲ ವ್ಯಕ್ತಿಗಳು ಕೋಲು ಹಿಡಿದು ಒಂದೊಂದೇ ಗುಂಡಿಯನ್ನು ತೋರಿಸಿ, "ತಿಳೀತೇನ್ರಿ?" ಎಂದು ಕೇಳುತ್ತಾರೆ. ಹಿಂದಿನ ಕೋಣೆಯಲ್ಲಿ ಉಪ್ಪಿಟ್ಟು ಆರುತ್ತಿರುವುದನ್ನು ಬಲ್ಲ ಸಭೆಯು "ತಿಳೀತ್ರಿ" ಎಂದು ಒಕ್ಕೊರಲಿನಿಂದ ಉತ್ತರಿಸುತ್ತದೆ. ವರದಿಯಲ್ಲಿ ಶೇ 100ರಷ್ಟು ಯಶಸ್ಸು ದಾಖಲಾಗುತ್ತದೆ.

ಸ್ವಾರಸ್ಯವೆಂದರೆ, ಬಳಸುವವರ ಕೈಯಲ್ಲೇ ಪರೀಕ್ಷೆ ಮಾಡಿಸಿ ತಂತ್ರಾಂಶವನ್ನು ರೂಪಿಸುವ ವಿದ್ಯೆ ಬಲ್ಲವರು ಕೆಲಸವನ್ನು ಆರಂಭಿಸುವುದೇ ಗೋಡೆಗೆ ಕಟ್ಟಿದ ಚಿತ್ರಗಳಿಂದ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಾಗಿ ಐಬಿಎಂ ಸಂಸ್ಥೆಯ ಜಾನ್ ಗೌಲ್ಡ್ ಮತ್ತು ಅವರ ಸಂಗಡಿಗರು ಕ್ರೀಡಾಪಟುಗಳಿಗೆ ಧ್ವನಿಸಂದೇಶದ ಒಂದು ವ್ಯವಸ್ಥೆಯನ್ನು ರೂಪಿಸುವಾಗ, ಯಂತ್ರವಿನ್ನೂ ಇಲ್ಲದ ಹಂತದಲ್ಲೇ ಅದರ ಪೊಳ್ಳು ಮಾದರಿಯೊಂದನ್ನು ತಮ್ಮ ಕಚೇರಿಯ ಓಡಾಟದ ಜಾಗದಲ್ಲಿ ನಿಲ್ಲಿಸಿ, ಹೋಗುವವರು ಬರುವವರೆಲ್ಲ ಹೇಳಿದ ಕೊಂಕನ್ನು ಬರೆದುಕೊಂಡು ತಿದ್ದಿದರು. ಮರುವರ್ಷ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಬರೆದ ಪ್ರಬಂಧದ ಸಾರ ಇಷ್ಟೇ: ಬಳಸುವವರನ್ನು ಮೊದಲೇ ಅರಿಯಿರಿ, ಅವರ ಕೈಗೆ ಕೊಟ್ಟು ಅಳೆಯಿರಿ, ತಿದ್ದಿ ಮತ್ತೆ ಕೊಡಿ. ಇದಕ್ಕೆ ಊರನ್ನೆಲ್ಲ ಸೇರಿಸಬೇಕಾಗಿಯೂ ಇಲ್ಲ. 5 ಜನರನ್ನು ಕೂರಿಸಿ ನೋಡಿದರೆ ಸುಮಾರು ಶೇ 85ರಷ್ಟು ತೊಡಕುಗಳು ಬಯಲಾಗುತ್ತವೆ, 15 ಜನರನ್ನು ಒಮ್ಮೆಗೇ ಕರೆಯುವ ಬದಲು ಐದೈದು ಜನರಂತೆ ಮೂರು ಸಲ ಕರೆದು ನಡುನಡುವೆ ತಿದ್ದುವುದು ಮೇಲು ಎಂದು ಇಂಥ ಪರೀಕ್ಷೆಗಳ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದರು. ಆ ಲೆಕ್ಕದ ಬಗ್ಗೆ ತಜ್ಞರ ತಕರಾರುಗಳಿವೆ. ಆದರೆ 5 ದೊಡ್ಡದೋ 0 ದೊಡ್ಡದೋ ಎಂಬಲ್ಲಿ ಯಾರ ತಕರಾರೂ ಇರಲಾರದು.

ಇಂಥ ಪರೀಕ್ಷೆ ನಡೆಸುವವನಿಗೆ ಇರಬೇಕಾದ ಮೊದಲ ಗುಣವೆಂದರೆ ಬಾಯಿ ಮುಚ್ಚಿಕೊಂಡಿರುವುದು. ಎದುರಿಗಿರುವವರಿಗೆ ಒಂದು ಕೆಲಸ ಹೇಳಿ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ಮಾಡಲು ಬಿಟ್ಟು, ಅವರು ತಪ್ಪು ಗುಂಡಿ ಒತ್ತಿದಾಗಲೂ ತಡೆಯದೆ ನೋಡುತ್ತ ಕೂರಬೇಕು. "ತಿಳೀತೇನ್ರಿ?" ಎಂದು ಕೇಳುವಂತಿಲ್ಲ. ಭಾಷಣವಿಲ್ಲದ ಇಂಥ ಕಾರ್ಯಕ್ರಮಕ್ಕೆ ನಮ್ಮಲ್ಲಿ ಅಧ್ಯಕ್ಷರು ಸಿಗುವುದು ಕಷ್ಟ.

ಹಾಗೆಂದು ನಮ್ಮಲ್ಲಿ ಪರೀಕ್ಷೆಯೇ ನಡೆಯುವುದಿಲ್ಲವೆಂದರೆ ಅನ್ಯಾಯವಾದೀತು. ಬೆಂಗಳೂರಿನ ತಂಪು ಕೋಣೆಯಲ್ಲಿ, ಹೊಸ ಫೋನಿನಲ್ಲಿ, ಕಡಿಯದ ವೈಫೈ ಮೇಲೆ, ಆ ಗುಂಡಿಯನ್ನು ಅಲ್ಲಿಟ್ಟ ಎಂಜಿನಿಯರನೇ ಅದನ್ನು ಒತ್ತಿ ನೋಡುತ್ತಾನೆ. ಅವನ ಹೆಬ್ಬೆರಳಿನ ಗೆರೆಗಳು ಸವೆದಿಲ್ಲ. ಅವನ ಹೆಸರು ಆಧಾರಿನಲ್ಲಿ ಒಂದು ಬಗೆ, ಪಹಣಿಯಲ್ಲಿ ಇನ್ನೊಂದು ಬಗೆ ಇಲ್ಲ. ಓಟಿಪಿ ಬರುವ ಫೋನು ಅವನ ಕೈಯಲ್ಲೇ ಇದೆ. ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ.

ಇಂಡಿ ತಾಲ್ಲೂಕಿನ ಒಂದು ಸೇವಾ ಕೇಂದ್ರದಲ್ಲಿ ಇದೇ ಪರೀಕ್ಷೆಯ ಮುಂದಿನ ಭಾಗವನ್ನು ನೋಡಬಹುದು. ಆಯುಷ್ಯವೆಲ್ಲ ಲಿಂಬೆ ತೋಟದಲ್ಲಿ ಕೂಲಿ ಮಾಡಿದ ಮುದುಕಿಯೊಬ್ಬಳು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಯಂತ್ರದ ಮೇಲಿಡುತ್ತಾಳೆ. ಕೆಂಪು ದೀಪ. "ತಮ್ಮಾ, ಇನ್ನೊಂದ್ ಸಲ ಒತ್ತಲೇನೋ?" "ಒತ್ತ ಆಯಿ, ಎಣ್ಣಿ ಹಚ್ಚಿ ಒತ್ತ." ಎಣ್ಣೆಯ ಶೀಶೆ ಕೀಬೋರ್ಡಿನ ಪಕ್ಕದಲ್ಲೇ ಇದೆ, ಟೆಂಡರಿನಲ್ಲಿ ನಮೂದಾಗದ ಈ ಉಪಕರಣವಿಲ್ಲದೆ ಡಿಜಿಟಲ್ ಆಡಳಿತ ಒಂದು ಹೆಜ್ಜೆಯೂ ಮುಂದಕ್ಕೆ ಹೋಗದು. ಬೆರಳು ಹತ್ತದಿದ್ದಾಗ ಉಳಿಯುವ ದಾರಿ ಓಟಿಪಿ. ಅದು ಹೋಗುವುದು ಗೋವೆಯಲ್ಲಿ ಗೌಂಡಿ ಕೆಲಸ ಮಾಡುವ ಮಗನ ಫೋನಿಗೆ. ಅವನು ಮೂರನೆಯ ಅಂತಸ್ತಿನ ಸಾರವೆಯಿಂದ ಇಳಿದು, ಕೈ ತೊಳೆದುಕೊಂಡು, ಆರು ಅಂಕಿಗಳನ್ನು ಓದಿ ಹೇಳುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆಕೆಗೆ ಅರಿವಿನ ಕೊರತೆ.

ಜನರು ತಾವಾಗಿಯೇ ಬಳಸಿ ನೋಡಿ ತೀರ್ಪು ಕೊಟ್ಟ ಒಂದು ಸಂದರ್ಭ ನೆನಪಾಗುತ್ತದೆ, ಆದರೆ ಅದು ಆ್ಯಪ್‌ನದ್ದಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನದ ದಿನಗಳನ್ನು ಬಿಟ್ಟರೆ ಅಷ್ಟು ದೊಡ್ಡ ಸೌಧದಿಂದ ಏನು ಪ್ರಯೋಜನವೆಂಬ ಚರ್ಚೆ ಅಂದಿನಿಂದಲೂ ನಡೆದಿದೆ. 2022ರ ಬೇಸಿಗೆಯಲ್ಲಿ ಅಲ್ಲಿನ ಕಾರ್ಮಿಕ ಮಹಿಳೆಯೊಬ್ಬರು ಸೌಧದ ಮುಂದೆ ಶ್ಯಾವಿಗೆ, ಹಪ್ಪಳ ಒಣಹಾಕಿ ಆ ಚರ್ಚೆಗೆ ತೆರೆ ಎಳೆದರು. ಒಳ್ಳೆಯ ಬಿಸಿಲು, ಚೊಕ್ಕಟವಾದ ನೆಲ, ಯಾರೂ ತುಳಿಯುವ ಭಯವಿಲ್ಲ: ಯಾವ ಸಲಹಾ ಸಂಸ್ಥೆಯೂ ಇಷ್ಟು ನಿಖರವಾದ ಬಳಕೆಯ ವರದಿಯನ್ನು ಕೊಟ್ಟಿರಲಿಲ್ಲ. ಚಿತ್ರ ಎಲ್ಲೆಡೆ ಹರಿದಾಡಿತು, ಅವರನ್ನು ಕೆಲಸದಿಂದ ತೆಗೆದರು, ಜನ ಛೀಮಾರಿ ಹಾಕಿದ ಮೇಲೆ ಮರಳಿ ಸೇರಿಸಿಕೊಂಡರು. ವಿನ್ಯಾಸದ ಬಗ್ಗೆ ಮಾತ್ರ ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ನಗುವಷ್ಟು ನಕ್ಕಾಯಿತು. ಸರತಿಯಲ್ಲಿ ನಿಂತವರ ಒಂದು ದಿನದ ಕೂಲಿ ಯಾವ ವರದಿಯಲ್ಲೂ ಖರ್ಚೆಂದು ಬರೆಯಲ್ಪಡುವುದಿಲ್ಲ. ಯಾವ ಪುಟ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಗುಂಡಿಯನ್ನು ಎರಡು ಸಲ ಒತ್ತಬೇಕು, ಸರ್ವರ್ ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಗುತ್ತದೆ ಎಂಬುದೆಲ್ಲ ಆ ಸೇವಾ ಕೇಂದ್ರದ ಹುಡುಗನಿಗೆ ಬಾಯಿಪಾಠವಾಗಿದೆ. ಕೋಪಗೊಂಡ ಜನರಿಂದ ದಿನವೂ ಬೈಸಿಕೊಳ್ಳುವವನೂ ಅವನೇ. ಅವನನ್ನೂ ಆ ಮುದುಕಿಯನ್ನೂ ಇನ್ನು ಮೂವರನ್ನೂ ರೈಲಿನಲ್ಲಿ ಬೆಂಗಳೂರಿಗೆ ಕರೆಸಿ, ಊಟ ಹಾಕಿ, ದಿನದ ಕೂಲಿ ಕೊಟ್ಟು ಕಳಿಸಿದ್ದರೆ ಶಿಬಿರಗಳ ಫ್ಲೆಕ್ಸ್‌ನಷ್ಟೂ ಖರ್ಚಾಗುತ್ತಿರಲಿಲ್ಲ. ಕರೆಸಲಿಲ್ಲ. ಕರೆಸಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ, ಏಕೆಂದರೆ ಆ್ಯಪ್ ಮಾಡಿದ್ದು ಅವರಿಗಾಗಿ ಅಲ್ಲ, ಬಿಡುಗಡೆಯ ದಿನಕ್ಕಾಗಿ. ಈಗ ಎರಡನೆಯ ಆವೃತ್ತಿಯ ಮಾತು ಕೇಳಿಬರುತ್ತಿದೆ. ಬಣ್ಣ ಬದಲಾಗಲಿದೆಯಂತೆ, ಮೊದಲ ಪುಟದಲ್ಲಿ ಗಣ್ಯರ ಭಾವಚಿತ್ರವೂ ಸ್ವಲ್ಪ ದೊಡ್ಡದಾಗಲಿದೆಯಂತೆ.