ವಯಸ್ಸಿನ ಅಂತರವನ್ನೂ ಲೆಕ್ಕಕ್ಕೆ ಹಿಡಿಯಿರಿ

ಕಂಪ್ಯೂಟರಿನಲ್ಲಿ ಕಾಲ್ಪನಿಕ ಜನರನ್ನು ಹುಟ್ಟಿಸಿ, ವರ್ಷ ವರ್ಷ ವಯಸ್ಸು ಏರಿಸಿ, ಮದುವೆ ಮಾಡಿಸಿ ನೋಡುವ ವಿಧಾನವನ್ನು, ರೈತ ಹುಡುಗರ ಮದುವೆ ಸಮಸ್ಯೆ ಕುರಿತ ನಿಮ್ಮ ಲೇಖನ ಚೆನ್ನಾಗಿ ವಿವರಿಸಿದೆ. ಆದರೆ ನಮ್ಮ ರೈತ ಹುಡುಗರಿಗೆ ಹೆಣ್ಣು ಸಿಗದಿರುವುದಕ್ಕೆ ಹೆಣ್ಣುಮಕ್ಕಳ ಸಂಖ್ಯೆ ಕಡಿಮೆ ಇರುವುದೊಂದೇ ಕಾರಣ ಅನ್ನುವ ಅದರ ಮಾತನ್ನು ನಾನು ಒಪ್ಪುವುದಿಲ್ಲ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 1000 ಗಂಡಸರಿಗೆ 973 ಹೆಂಗಸರು. ಈ ಕೊರತೆ ನಿಜ. ಅದರ ಜೊತೆ ವಯಸ್ಸಿನ ಅಂತರವೂ ಸೇರುತ್ತದೆ, ಅಲ್ವಾ? ಗಂಡಿನ ಕಡೆಯವರು ನಾಲ್ಕೈದು ವರ್ಷ ಚಿಕ್ಕವಳನ್ನೇ ಹುಡುಕುತ್ತಾರೆ. ಜನನ ಪ್ರಮಾಣ ಇಳಿಯುತ್ತಾ ಹೋದರೆ ಆ ವಯಸ್ಸಿನವರೇ ಕಡಿಮೆ ಇರುತ್ತಾರೆ. ಜೊತೆಗೆ ಮನೆಗೆ ಒಂದೋ ಎರಡೋ ಮಕ್ಕಳು. ಸೋದರತ್ತೆ ಮಗಳು, ಅಕ್ಕನ ಮಗಳು ಅನ್ನುವ ಸಂಬಂಧಗಳೂ ಕಡಿಮೆಯಾಗುತ್ತಿವೆ.

ಇನ್ನೊಂದು ಮಾತು. ಇಂಥ ಕೆಲವು ಕಂಪ್ಯೂಟರ್ ಮಾದರಿಗಳಲ್ಲಿ ಸಂಗಾತಿ ಆ ಕಾಲ್ಪನಿಕ ಜನರೊಳಗೇ ಸಿಗಬೇಕು. ಇನ್ನು ಕೆಲವು, ಬೇಕೆಂದಾಗ ಹೊಸ ಸಂಗಾತಿಯನ್ನು ಸೃಷ್ಟಿಸಿಬಿಡುತ್ತವೆ. ಎರಡನೆಯದನ್ನು ನಮ್ಮ ಶಿರಾ, ಪಾವಗಡದ ಕಡೆಗೆ ದಯವಿಟ್ಟು ಬಳಸಬೇಡಿ. ಮದುವೆಯಾಗದೆ ಉಳಿದವರು ಅದರಲ್ಲಿ ಕಾಣಿಸುವುದೇ ಇಲ್ಲ. ಹುಡುಗಿಗೂ ಬೇಡ ಅನ್ನುವ ಹಕ್ಕು ಕೊಟ್ಟು, ಅಂತರವನ್ನು ಒಂದೆರಡು ವರ್ಷಕ್ಕೆ ಇಳಿಸಿ ಲೆಕ್ಕ ಓಡಿಸಿ. ಆ ಫಲಿತಾಂಶವನ್ನು ನಮ್ಮ ಹಳ್ಳಿಗಳ ಅಪ್ಪ ಅಮ್ಮಂದಿರು ನೋಡಬೇಕು.