ಪ್ರಧಾನಿಯ ಅಂಗಳಕ್ಕೆ ಬಂದ ಮಣ್ಣು

2025ರ ಜುಲೈನಲ್ಲಿ ಟೋಕಿಯೋದ ಪ್ರಧಾನಿ ಕಚೇರಿಯ ಉದ್ಯಾನಕ್ಕೆ ಫುಕುಶಿಮಾದಿಂದ ಎರಡು ಘನಮೀಟರ್ ಮಣ್ಣು ಆಗಮಿಸಿತು. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ಬೆನ್ನಲ್ಲೇ ಅಣುಸ್ಥಾವರದ ಮೂರು ರಿಯಾಕ್ಟರ್‌ಗಳ ಇಂಧನ ಕರಗಿ ಊರೂರಿಗೆ ವಿಕಿರಣ ಹರಡಿದಾಗ, ಹೊಲ ಅಂಗಳಗಳ ಮೇಲ್ಪದರವನ್ನು ಕೆರೆದು ತುಂಬಿಟ್ಟ ಮಣ್ಣಿನ ಪ್ರತಿನಿಧಿ ಅದು. ಅದರ ಮೇಲೆ ಒಂದು ಗೇಣು ಶುದ್ಧ ಮಣ್ಣನ್ನು ಹೊದಿಸಿ, ಇದು ನಿರಪಾಯಕಾರಿಯೆಂದು ಜಗತ್ತಿಗೆ ತೋರಿಸಲಾಯಿತು.

ಸ್ಥಾವರವಿರುವ ಓಕುಮಾ ಮತ್ತು ಫುತಾಬಾ ಊರುಗಳ 'ತಾತ್ಕಾಲಿಕ' ಸಂಗ್ರಹಾಗಾರದಲ್ಲಿ ಸೇರಿರುವುದು ಸುಮಾರು 1.4 ಕೋಟಿ ಘನಮೀಟರ್. 2045ರ ಮಾರ್ಚ್ ಒಳಗೆ ಅದರ ಅಂತಿಮ ವಿಲೇವಾರಿ ಫುಕುಶಿಮಾದ ಹೊರಗೇ ಆಗಬೇಕೆಂದು ಕಾನೂನು ಹೇಳುತ್ತದೆ. ಆ ಹೊರಗು ಎಲ್ಲಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುವವರಿಗೆ ಲೆಕ್ಕ ಬರುವುದಿಲ್ಲ. ಪ್ರತಿಯೊಬ್ಬ ಪ್ರಧಾನಿಯೂ ಗೃಹಪ್ರವೇಶದಂದು ಎರಡೆರಡು ಘನಮೀಟರ್ ತರಿಸಿಕೊಂಡರೆ 70 ಲಕ್ಷ ಪ್ರಧಾನಿಗಳಲ್ಲಿ ಕೆಲಸ ಮುಗಿಯುತ್ತದೆ, ಮತ್ತು ಜಪಾನಿನಲ್ಲಿ ಪ್ರಧಾನಿಗಳು ಬದಲಾಗುವ ವೇಗವನ್ನು ಬಲ್ಲವರು ಇದನ್ನು ಅಸಾಧ್ಯವೆಂದು ತಳ್ಳಿಹಾಕಲಾರರು.

ಮಣ್ಣಿಗಿಂತ ಹಣಕ್ಕೆ ಪ್ರಯಾಣ ಸುಲಭ. ಪುನರ್ನಿರ್ಮಾಣಕ್ಕೆಂದು ತೆಗೆದಿಟ್ಟ ಹಣದಲ್ಲಿ ಸುಮಾರು 230 ಕೋಟಿ ಯೆನ್ ಅಂಟಾರ್ಕ್ಟಿಕಾ ಸಾಗರದ ತಿಮಿಂಗಿಲ ಬೇಟೆಯ ನೆರವಿಗೆ ಹೋಗಿ ಸೇರಿತು. ಅದೇ ಮಣ್ಣಿಗೆ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಟೋಕಿಯೋದ ಶಿಂಜುಕು ಗ್ಯೋಎನ್ ಉದ್ಯಾನವನ್ನು ಪ್ರಯೋಗಕ್ಕೆಂದು ತಲುಪಲೂ ಆಗಲಿಲ್ಲ, ಏಕೆಂದರೆ ಸುತ್ತಲಿನ ನಿವಾಸಿಗಳು ಬೇಡವೆಂದರು. ಅವರ ಭಯವನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ ಆ ಸ್ಥಾವರದ ವಿದ್ಯುತ್ತು ಹರಿಯುತ್ತಿದ್ದುದು ಟೋಕಿಯೋ ಪ್ರದೇಶಕ್ಕೆ. ಫುಕುಶಿಮಾದ ಮನೆಗಳಲ್ಲಿ ಉರಿಯುತ್ತಿದ್ದ ದೀಪಗಳು ಬೇರೊಂದು ಕಂಪನಿಯವು. ನಾಲ್ಕು ದಶಕ ತಂತಿಯ ಮೂಲಕ ಬಂದದ್ದನ್ನು ಯಾರೂ ವಾಪಸು ಕಳಿಸಿರಲಿಲ್ಲ.

ಈ ನಡುವೆ ಇಂಧನ ನೀತಿಯೂ ಚೇತರಿಸಿಕೊಂಡಿತು. ಅಣುಶಕ್ತಿಯ ಅವಲಂಬನೆಯನ್ನು ಸಾಧ್ಯವಾದಷ್ಟು ತಗ್ಗಿಸುವ ಮಾತು ದುರಂತದ ನಂತರ ಸರ್ಕಾರದ ಮೂಲ ಇಂಧನ ಯೋಜನೆಯಲ್ಲಿ ಇತ್ತು. 2025ರ ಫೆಬ್ರವರಿಯ ಆವೃತ್ತಿಯಲ್ಲಿ ಆ ಸಾಲು ಕಾಣೆಯಾಯಿತು. ನೆಲದ ಮೇಲ್ಪದರವನ್ನು ಕೆರೆಯಲು ವರ್ಷಗಟ್ಟಲೆ ಹಿಡಿಯಿತು, ಕಾಗದದ ಮೇಲಿನದನ್ನು ಕೆರೆಯಲು ಒಂದು ಸಂಪುಟ ಸಭೆ ಸಾಕಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಟೋಕಿಯೋದ ಸರ್ಕಾರಿ ಕಚೇರಿಗಳ ಬೀಡಾದ ಕಸುಮಿಗಸೆಕಿಯ ಕೆಲವು ಇಲಾಖೆಗಳ ಹೂವಿನ ಪಾತಿಗಳಿಗೂ ಅದೇ ಮಣ್ಣು ಬಂತು. ಓಕುಮಾ, ಫುತಾಬಾಗಳಲ್ಲಿ ಉಳಿದ ರಾಶಿಯ ಮೇಲೆ ಯಾವ ಹೂ ನೆಡಬೇಕೆಂಬುದು ಇನ್ನೂ ನಿರ್ಧಾರವಾಗಿಲ್ಲ.